ಅಂಬರಿನ ಕಣಜಕ್ಕೆ ಹೆಸರಿಡುವ ಮುಂಚೆ

ಅಂಬರ್ ಅಂದರೆ ಕೋಟಿಗಟ್ಟಲೆ ವರ್ಷದಲ್ಲಿ ಕಲ್ಲಾದ ಮರದ ರಾಳ. ಅದರೊಳಗೆ ಸಿಕ್ಕಿಬಿದ್ದ ಕಣಜವನ್ನು, ಕಾಳು ತುಂಬುವ ಕಣಜ ಅಲ್ಲ, ಹಾರುವ ಹುಳವನ್ನು, ಪರೀಕ್ಷಿಸಿ ಹೊಸ ಪ್ರಭೇದ ಅಂತ ವಿಜ್ಞಾನದ ಲೇಖನ ಬರೆಯುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಡೆ ಅಂಬರ್ ಸಿಗುವುದಿಲ್ಲ. ವರ್ಷಕ್ಕೆ ಒಬ್ಬ ಹುಡುಗನಾದರೂ ಬಾದಾಮಿ ಗುಡ್ಡದಿಂದ ಹಳದಿ ಕಲ್ಲು ತಂದು, ಕರವಸ್ತ್ರ ಬಿಚ್ಚಿ, "ಮೇಡಂ, ಇದರಾಗ ಹುಳ ಐತೇನು ನೋಡ್ರಿ" ಅಂತಾನೆ. ಇಲ್ಲಪ್ಪಾ. ಬಾದಾಮಿಯ ಕಲ್ಲು ಆಗುವ ಹೊತ್ತಿಗೆ ಭೂಮಿಯ ಮೇಲೆ ಮರವೂ ಇರಲಿಲ್ಲ, ಹುಳವೂ ಇರಲಿಲ್ಲ. ವಿಜಯಪುರದ ಕರಿಕಲ್ಲು ಕಾದ ಲಾವಾ ಆರಿ ಆದದ್ದು. ಅದರಲ್ಲಿ ರಾಳ ಸುಟ್ಟು ಹೋಗುತ್ತದೆ. ನಮ್ಮ ದೇಶದಲ್ಲಿ ಹೆಸರಾದ ಅಂಬರ್ ಅಂದರೆ ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯದು. ಸುಮಾರು 5 ಕೋಟಿ ವರ್ಷ ಹಳೆಯದು.

ಇನ್ನೊಂದು ಗೊಂದಲ ನಮ್ಮ ಜಿಲ್ಲೆಯದ್ದೇ. ಅಮೀನಗಡದ ಕರದಂಟು ತಿಂದವರಿಗೆ ಮರದ ಅಂಟು ಗೊತ್ತು. ತುಪ್ಪದಲ್ಲಿ ಕರಿದ ಅಂಟು, ಅದಕ್ಕೇ ಕರದಂಟು. ಆದರೆ ಆ ಅಂಟು ನೀರಲ್ಲಿ ನೆನೆಯುತ್ತದೆ, ಕರಗುತ್ತದೆ. ಅದು ಎಷ್ಟು ಕೋಟಿ ವರ್ಷ ಕಾದರೂ ಅಂಬರ್ ಆಗುವುದಿಲ್ಲ. ಅಂಬರ್ ಆಗುವುದು ರಾಳ, ನೀರಿಗೆ ಜಗ್ಗದ್ದು. ಪೂಜೆಗೆ ಕೆಂಡದ ಮೇಲೆ ಹಾಕುವ ರಾಳಧೂಪ ಇದೆಯಲ್ಲ, ಅದು ಪಶ್ಚಿಮ ಘಟ್ಟದ ಧೂಪದ ಮರದ್ದು. ವಸ್ತಾನಿನ ಅಂಬರ್ ಕೂಡ ಅದೇ ಕುಟುಂಬದ ಮರಗಳ ರಾಳ. ಕಣಜ ಅದರಲ್ಲಿ ಸಿಕ್ಕಿಬಿದ್ದದ್ದು ಹೇಗೆ ಅಂತ ಕೇಳಿದರೆ ನಾನು ಬೇವಿನ ಮರದ ಗಾಯದಲ್ಲಿ ಅಂಟಿಕೊಂಡ ಇರುವೆ ತೋರಿಸುತ್ತೇನೆ. ರಾಳದ ಬದಲು ಅಂಟು, ಅಷ್ಟೇ ವ್ಯತ್ಯಾಸ.

ನಾನು ಮುಧೋಳದ ಪತ್ತಾರರ, ಅಂದರೆ ಅಕ್ಕಸಾಲಿಗರ ಮನೆಯವಳು. ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತೇನೆ. ಕಣಜದ ಹುಚ್ಚು ಹಿಡಿದದ್ದು ಕಬ್ಬಿನ ಹೊಲದಲ್ಲಿ. ಕಾಂಡ ಕೊರೆಯುವ ಹುಳಕ್ಕೆ ಟ್ರೈಕೋ ಕಾರ್ಡ್ (ಕಣಜ ಒಳಗೆ ಬೆಳೆಯುವ ಪತಂಗದ ಮೊಟ್ಟೆ ಅಂಟಿಸಿದ ಕಾಗದ) ಕಟ್ಟುತ್ತಾರಲ್ಲ, ಆ ಕಾರ್ಡಿನ ಮೇಲಿನ ಕಪ್ಪು ಚುಕ್ಕೆಯಿಂದ ಹೊರಗೆ ಬರುವುದು ಅರ್ಧ ಮಿಲಿಮೀಟರಿನ ಕಣಜ. ಕಣಜ ಅಂದರೆ ಕಚ್ಚಿ ಮುಖ ಊದಿಸುವ ದೊಡ್ಡದೇ ನೆನಪಾಗುತ್ತದೆ. ಆದರೆ ಅಂಬರಿನಲ್ಲಿ ಜಾಸ್ತಿ ಸಿಗುವುದು ಇಂಥ ಸಣ್ಣ ಜಾತಿಗಳೇ, ಬೇರೆ ಹುಳದ ಮೊಟ್ಟೆ, ಮರಿಯ ಮೇಲೆ ಬದುಕುವಂಥವು. ದೊಡ್ಡ ಕಣಜ ಕಾಲು ಕಿತ್ತುಕೊಂಡು ಹೋಗುತ್ತದೆ, ಸಣ್ಣದಕ್ಕೆ ಆ ಬಲ ಇಲ್ಲ.

ನನ್ನ ಕಲ್ಲು ಬಾಲ್ಟಿಕ್ ಸಮುದ್ರದ ಕಡೆಯದು. ಹಳೆಯ ವಿದ್ಯಾರ್ಥಿನಿ ಒಬ್ಬಳು ಪೋಲೆಂಡಿನ ಗ್ದಾನ್ಸ್ಕ್ ಊರಿನಲ್ಲಿ ಕೊಂಡು, ಬಿಲ್ಲಿನ ಸಮೇತ ತಂದುಕೊಟ್ಟಳು. 14 ಮಿಲಿಮೀಟರ್ ಉದ್ದ, ಒಳಗೆ 3 ಮಿಲಿಮೀಟರಿನ ಕಣಜ. ಆ ಬಿಲ್ಲನ್ನು ನಾನು ಕಲ್ಲಿಗಿಂತ ಜೋಪಾನ ಮಾಡಿದ್ದೇನೆ. ಎಲ್ಲಿಯದು, ಯಾರು ಮಾರಿದ್ದು ಅಂತ ಗೊತ್ತಿಲ್ಲದ ಕಲ್ಲಿಗೆ ವಿಜ್ಞಾನದಲ್ಲಿ ಬೆಲೆ ಇಲ್ಲ. ಮ್ಯಾನ್ಮಾರಿನ ಕಚಿನ್ ಅಂಬರ್ ಸುಮಾರು 9.9 ಕೋಟಿ ವರ್ಷದ್ದು, ಕಣಜಗಳ ದೃಷ್ಟಿಯಿಂದ ಬಂಗಾರದ ಗಣಿ. ಆದರೆ 2017ರಲ್ಲಿ ಅಲ್ಲಿನ ಗಣಿಗಳನ್ನು ಸೇನೆ ವಶಪಡಿಸಿಕೊಂಡ ಮೇಲೆ ಬಂದ ಕಲ್ಲು ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬೇಡ ಅನ್ನಿ.

ಕಲ್ಲು ನಿಜವೇ?

ವಿಜಯಪುರದ ಅತ್ತರಿನ ಅಂಗಡಿಯಲ್ಲಿ ಅಂಬರ್ ಕೇಳಿದರೆ ಸುಗಂಧದ ಶೀಶೆ ಕೈಗಿಡುತ್ತಾರೆ. ಆ ಅಂಬರ್ ತಿಮಿಂಗಿಲದ ಹೊಟ್ಟೆಯದು, ಅದು ಬೇರೆ. ನಮಗೆ ಬೇಕಾದದ್ದಕ್ಕೆ ಉರ್ದುವಿನಲ್ಲಿ ಕಹರುಬಾ ಅನ್ನುತ್ತಾರೆ. ಹುಲ್ಲುಕಡ್ಡಿ ಕದಿಯುವುದು ಅಂತ ಅರ್ಥ. ಉಣ್ಣೆಗೆ ಉಜ್ಜಿದರೆ ಕಾಗದದ ಚೂರು ಎಳೆಯುತ್ತದೆ. ಹೆಸರು ಚಂದ, ಪರೀಕ್ಷೆ ಮಾತ್ರ ಉಪಯೋಗವಿಲ್ಲ, ಪ್ಲಾಸ್ಟಿಕ್ ಬಾಚಣಿಗೆಯೂ ಹಾಗೇ ಎಳೆಯುತ್ತದೆ. ಒಮ್ಮೆ ಇರುವೆ ಇರುವ ಜಪಮಣಿಯೊಂದಕ್ಕೆ 600 ರೂಪಾಯಿ ಕೊಟ್ಟು ಬಂದೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಇರುವೆ ಕೈಕಾಲು ನೀಟಾಗಿ ಹರಡಿಕೊಂಡು ಫೋಟೋಕ್ಕೆ ನಿಂತ ಹಾಗಿತ್ತು. ರಾಳದಲ್ಲಿ ಸಾಯುವ ಹುಳ ಒದ್ದಾಡಿರುತ್ತದೆ. ಇಷ್ಟು ಅಚ್ಚುಕಟ್ಟಾಗಿದ್ದರೆ ಅನುಮಾನ ಪಡಿ.

ಹೀಗೆ ಮಾಡಿ. ಒಂದು ಲೋಟ ನೀರಿಗೆ ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಹಾಕಿ ಕಲ್ಲು ಬಿಡಿ. ಅಂಬರ್ ತೇಲುತ್ತದೆ. ಗಾಜು, ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಮುಳುಗುತ್ತವೆ. ತೇಲಿತು ಅಂತ ಕುಣಿಯಬೇಡಿ, ಕೋಪಲ್ ಕೂಡ ತೇಲುತ್ತದೆ. ಕೋಪಲ್ ಅಂದರೆ ಇನ್ನೂ ಪೂರ್ತಿ ಅಂಬರ್ ಆಗದ ಎಳೆಯ ರಾಳ. ಅದಕ್ಕೆ ಹುಳದಿಂದ ದೂರದ ಮೂಲೆಯಲ್ಲಿ ಒಂದು ಹನಿ ಅಸಿಟೋನ್ ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ಬೆರಳಿನಿಂದ ಮುಟ್ಟಿ. ಜಿಗುಟಾದರೆ ಕೋಪಲ್. ಆಮೇಲೆ ಬಂಗಾರದ ಅಂಗಡಿಯಲ್ಲಿ ನೋಟು ನೋಡುವ ನೇರಳೆ ಲೈಟಿನ ಕೆಳಗೆ ಕತ್ತಲಲ್ಲಿ ಹಿಡಿಯಿರಿ. ಅಂಬರ್ ಸಾಮಾನ್ಯವಾಗಿ ತಿಳಿ ನೀಲಿಯಾಗಿ ಹೊಳೆಯುತ್ತದೆ. ಬಿಸಿ ಸೂಜಿ ಚುಚ್ಚುವ ಪರೀಕ್ಷೆ ಎಲ್ಲರೂ ಹೇಳುತ್ತಾರೆ, ನಾನು ಮಾಡುವುದಿಲ್ಲ. ಗಾಯ ಹಾಗೇ ಉಳಿಯುತ್ತದೆ.

ಲೇಖನ ಬರೆಯುವ ಮಟ್ಟಕ್ಕೆ ಇದು ಸಾಲದು. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಇನ್‌ಫ್ರಾರೆಡ್ ಯಂತ್ರ ಇರುತ್ತದೆ, ಚಿಟಿಕೆ ಪುಡಿ ಸಾಕು. ಬಾಲ್ಟಿಕ್ ಅಂಬರಿನ ಗ್ರಾಫಿನಲ್ಲಿ ಅಲೆಸಂಖ್ಯೆ (ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವುದು) 1250ರಿಂದ 1150ರ ನಡುವೆ ಒಂದು ಸಪಾಟು ಭುಜ ಬರುತ್ತದೆ. ಆ ಭುಜ ಕಂಡ ದಿನ ನಾನು ನಿಶ್ಚಿಂತೆಯಿಂದ ಮಲಗಿದೆ.

ಹುಳ ಹೊಸದು, ಅಂಬರ್ ಹಳೆಯದು ಅನ್ನುವ ಮೋಸ ಇನ್ನೂ ಕೆಟ್ಟದ್ದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1922ರಲ್ಲಿ ಕೊಂಡ ಬಾಲ್ಟಿಕ್ ಅಂಬರಿನಲ್ಲಿ ಒಂದು ನೊಣ ಇತ್ತು. ವಿಲ್ಲಿ ಹೆನ್ನಿಗ್ ಅವರಂಥ ದೊಡ್ಡ ತಜ್ಞರು 1966ರಲ್ಲಿ ಅದನ್ನು ನೋಡಿ, ಇಂದಿನ ನೊಣವೇ ಕೋಟಿಗಟ್ಟಲೆ ವರ್ಷ ಬದಲಾಗದೆ ಉಳಿದಿದೆ ಎಂದು ನಂಬಿದರು. 1993ರಲ್ಲಿ ಅದೇ ಮ್ಯೂಸಿಯಂನ ಆಂಡ್ರ್ಯೂ ರಾಸ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ದೀಪದ ಬಿಸಿಗೆ ಬಿರುಕು ಮೂಡಿತು. ಯಾರೋ ಕಲ್ಲನ್ನು ಎರಡು ಹೋಳು ಮಾಡಿ, ಒಳಗೆ ಕೊರೆದು, ನೊಣ ಕೂರಿಸಿ ಅಂಟಿಸಿದ್ದರು. ಹಾಗಾಗಿ ಹುಳದ ಸುತ್ತ ನೇರವಾದ ಗೆರೆ ಇದೆಯೇ, ಒಂದೇ ಸಮತಲದಲ್ಲಿ ಗುಳ್ಳೆಗಳ ಸಾಲು ಇದೆಯೇ ನೋಡಿ. ಬಾಲ್ಟಿಕ್ ಕಲ್ಲಿನಲ್ಲಿ ಓಕ್ ಮರದ ನಕ್ಷತ್ರದಂಥ ಸಣ್ಣ ರೋಮಗಳು ಕಂಡರೆ ಒಳ್ಳೆಯ ಲಕ್ಷಣ. ಮತ್ತೆ ದೀಪ ಎಲ್‌ಇಡಿಯೇ ಇರಲಿ, ಬಿಸಿಯಾಗುವ ಹಳೆಯ ಬಲ್ಬು ಬೇಡ.

ತಿಕ್ಕುವುದು

ಇದು ನಮ್ಮಪ್ಪನ ವಿದ್ಯೆ. ಹೆಚ್ಚಿನವರು ಕಲ್ಲು ಕೆಡಿಸುವುದೂ ಇಲ್ಲೇ. ಅಂಗಡಿಯಿಂದ ಬಂದ ಕಲ್ಲು ಉಬ್ಬಾಗಿರುತ್ತದೆ, ಭೂತಗನ್ನಡಿಯ ಹಾಗೆ. ಉಬ್ಬಿನ ಮೂಲಕ ನೋಡಿದರೆ ತಲೆ ದಪ್ಪ, ಹೊಟ್ಟೆ ಸಣ್ಣ. ಅಳತೆ ಎಲ್ಲ ಸುಳ್ಳು. ಕಣಜದ ಬೆನ್ನಿಗೆ ಒಂದು, ಪಕ್ಕಕ್ಕೆ ಒಂದು, ಸಾಧ್ಯವಾದರೆ ಮುಖಕ್ಕೆ ಒಂದು, ಹೀಗೆ ಸಪಾಟಾದ ಕಿಟಕಿ ಮಾಡಬೇಕು. ಕಿಟಕಿ ಹುಳದ ಮೈಗೆ ಸಮಾನಾಂತರ ಇರಬೇಕು.

ಬಣ್ಣದ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ (ಮರಳುಕಾಗದ) ಸಾಕು. ಗಾಜಿನ ಮೇಲೆ ಇಟ್ಟು, ನೀರು ಹಾಕಿ, 800 ನಂಬರಿನಿಂದ ಶುರುಮಾಡಿ 1200, 2000, 3000 ಅಂತ ಹೋಗಿ. ಯಂತ್ರ ಬೇಡ, ಬಿಸಿಗೆ ಅಂಬರ್ ಮೆತ್ತಗಾಗಿ ಬಿರಿಯುತ್ತದೆ. ಪ್ರತಿ ನಂಬರಿಗೆ ದಿಕ್ಕು ಬದಲಿಸಿ, ಹಿಂದಿನ ಗೀರು ಪೂರ್ತಿ ಹೋದ ಮೇಲೆ ಮುಂದಕ್ಕೆ. ಕಡೆಗೆ ಮೆತ್ತನೆ ಚರ್ಮದ ಮೇಲೆ ಒಂದಿಷ್ಟು ಬಿಳಿ ಟೂತ್‌ಪೇಸ್ಟ್. ತಿಕ್ಕುವಾಗ ಧೂಪದ ವಾಸನೆ ಬರುತ್ತದೆ. ಕಾಗದಕ್ಕೆ ಮೇಣದ ಹಾಗೆ ಮೆತ್ತಿಕೊಂಡರೆ ಮತ್ತೆ ಕೋಪಲ್ ಅಂತಲೇ ಅನುಮಾನ ಪಡಿ.

ಎಲ್ಲಿ ನಿಲ್ಲಿಸಬೇಕು? ನಾನು ಅರ್ಧ ಮಿಲಿಮೀಟರ್ ಉಳಿದಾಗ ನಿಲ್ಲಿಸುತ್ತೇನೆ. ಮೊದಲ ಕಲ್ಲಿನಲ್ಲಿ ನಿಲ್ಲಿಸಲಿಲ್ಲ. ಇನ್ನೂ ಸ್ವಲ್ಪ ಚೆನ್ನಾಗಿ ಕಾಣಲಿ ಅಂತ ಆಸೆ. ಸಂಜೆ ಕರೆಂಟ್ ಹೋಯಿತು, ಕೈ ಮಾತ್ರ ತಿಕ್ಕುತ್ತಲೇ ಇತ್ತು. ಲೈಟ್ ಬಂದಾಗ ಕಣಜದ ಬಲ ಮೀಸೆಯ (ಆಂಟೆನಾ) ತುದಿಯ ಎರಡು ಗಣಿಕೆ ಕಾಗದದ ಮೇಲೆ ಕಂದು ಕಲೆಯಾಗಿತ್ತು. ಅಪ್ಪ ಬಂದು ನೋಡಿ, "ಯವ್ವಾ, ಬಂಗಾರ ಹೆಚ್ಚು ತಿಕ್ಕಿದರ ಪುಡಿನಾದರೂ ಸಿಗತೈತಿ. ಇದರಾಗ ಏನ ಸಿಗತೈತಿ?" ಅಂದರು. ಈಗ ನಾಲ್ಕು ಸಲ ತಿಕ್ಕಿ, ಎದ್ದು ಹೋಗಿ ನೋಡಿ, ಮತ್ತೆ ನಾಲ್ಕು ಸಲ ತಿಕ್ಕುತ್ತೇನೆ. ತಿಕ್ಕುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಪಕ್ಕದಲ್ಲಿ ನುಸಿ, ಎಲೆಚೂರು ಇದ್ದರೆ ಅದನ್ನೂ ಬರೆದಿಡಿ. ಅವೂ ಆ ಕಾಡಿನವೇ.

ವಸ್ತಾನಿನ ಅಂಬರ್ ಕೈಗೆ ಸಿಕ್ಕರೆ ಈ ಲೆಕ್ಕವೇ ಬೇರೆ. ಅದನ್ನು ಸರಿಯಾದ ದ್ರಾವಕದಲ್ಲಿ ಪೂರ್ತಿ ಕರಗಿಸಿ ಹುಳವನ್ನೇ ಹೊರಗೆ ತೆಗೆದವರಿದ್ದಾರೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ನೋಡುವುದು, ಎಣಿಸುವುದು

ಕಿಟಕಿಯ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ, ಮೇಲೆ ತೆಳು ಗಾಜಿನ ಬಿಲ್ಲೆ ಇಡಿ. ಸಣ್ಣ ಗೀರೆಲ್ಲ ಮಾಯ. ಗ್ಲಿಸರಿನ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ನೀರಿಗೆ ತೊಳೆದುಹೋಗುತ್ತದೆ. ಲವಂಗದ ಎಣ್ಣೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ. ಕಣಜದ ಒಂದು ಪದರ ಮಾತ್ರ ಒಮ್ಮೆಗೆ ಸ್ಪಷ್ಟ ಕಾಣುವುದರಿಂದ ಫೋಕಸ್ ಸ್ವಲ್ಪ ಸ್ವಲ್ಪ ಇಳಿಸುತ್ತ 40-50 ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿಸಬೇಕು. ಸೂಕ್ಷ್ಮದರ್ಶಕದ ಐಪೀಸಿಗೆ (ಕಣ್ಣಿಡುವ ಮಸೂರ) ಮೊಬೈಲ್ ಕಟ್ಟಿಯೂ ತೆಗೆಯಬಹುದು. ನನ್ನ ಮೊದಲ ಹತ್ತು ಚಿತ್ರ ಹಾಗೆ ತೆಗೆದವೇ.

ಮೊದಲ ಪ್ರಶ್ನೆ: ಇದು ಕಣಜವೇ? ನಡು ನೋಡಿ. ಮುಧೋಳ ನಾಯಿಯ ನಡುವಿನ ಹಾಗೆ ಸಣ್ಣಗೆ ಕಟ್ಟಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಇರುವೆಗೂ ಆ ನಡು ಇದೆ. ಆದರೆ ಅದರ ನಡುವಿನ ಮೇಲೆ ಒಂದು ಗಂಟು ಎದ್ದಿರುತ್ತದೆ, ಮೀಸೆ ಮೊಣಕೈಯ ಹಾಗೆ ಬಾಗಿರುತ್ತದೆ. ಜೇನಾದರೆ ರೋಮ ಕವಲೊಡೆದಿರುತ್ತದೆ. ನನ್ನದು ಚಪ್ಪಟೆ ತಲೆ, ಮುಂದಕ್ಕೆ ಚಾಚಿದ ಬಾಯಿ, ದಪ್ಪ ತೊಡೆ. ಬೆಥಿಲಿಡ್ ಕುಟುಂಬ ಅನ್ನಿಸಿತು. ತೆಂಗಿನ ಕಪ್ಪುತಲೆ ಹುಳಕ್ಕೆ ಬಿಡುವ ಗೋನಿಯೋಜಸ್ ಇದೇ ಕುಟುಂಬದ್ದು. ಸಂದಿಯೊಳಗೆ ನುಗ್ಗಿ ಮರಿಹುಳಕ್ಕೆ ಕೊಂಡಿ ಚುಚ್ಚುವ ಜಾತಿ. ಜೀವಂತ ಗೋನಿಯೋಜಸ್ ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡಿದಾಗ ಕಲ್ಲೊಳಗಿನದು ಅರ್ಥವಾಗತೊಡಗಿತು. ಸತ್ತು ಕೋಟಿ ವರ್ಷವಾದ ಹುಳ ಓದಲು ಬದುಕಿರುವ ಹುಳ ಗೊತ್ತಿರಲೇಬೇಕು. ಅಡ್ಡದಾರಿ ಇಲ್ಲ.

ಇನ್ನು ಮೀಸೆ. ಕಬ್ಬಿನ ಗಣಿಕೆ ಎಣಿಸಿದ ಹಾಗೆ ಬುಡದಿಂದ ಎಣಿಸಿ. ಕೊಂಡಿ ಇರುವ ಕಣಜಗಳಲ್ಲಿ ಸಾಮಾನ್ಯವಾಗಿ ಗಂಡಿಗೆ 13, ಹೆಣ್ಣಿಗೆ 12. ಬೆಥಿಲಿಡ್‌ಗಳಲ್ಲಿ 12 ಅಥವಾ 13, ಗಂಡು ಹೆಣ್ಣಿಗೆ ಒಂದೇ ಲೆಕ್ಕ. ಒಂದು ಗಣಿಕೆ ಹೆಚ್ಚುಕಡಿಮೆ ಆದರೆ ಕುಲವೇ ಬದಲಾಗಬಹುದು. ಸೋಮವಾರ ನಾನು ಎಣಿಸಿದಾಗ 12. ಗುರುವಾರ 13. ಶನಿವಾರ ಮತ್ತೆ 12. ತಲೆ ಕೆಟ್ಟುಹೋಯಿತು. ಬುಡದ ಹತ್ತಿರದ ಮೂರನೆಯ ಗಣಿಕೆ ತೀರಾ ಸಣ್ಣದು, ಅದರ ಮೇಲೊಂದು ಗಾಳಿಗುಳ್ಳೆ ಕೂತಿತ್ತು. ಬೆಳಕು ಕೆಳಗಿನಿಂದ ಬಿಟ್ಟಾಗ ಮಾತ್ರ ಕೂಡುಗೆರೆ ಕಂಡಿತು. 13 ನಿಜ. ಅಂದಿನಿಂದ ನನ್ನದು ಒಂದು ನಿಯಮ: ಎರಡೂ ಮೀಸೆ, ಮೂರು ಬೇರೆ ದಿನ, ಹಿಂದಿನ ಲೆಕ್ಕದ ಚೀಟಿ ಮಡಚಿಟ್ಟು.

ಅಳತೆಗೆ ಐಪೀಸಿನ ಸ್ಕೇಲನ್ನು ಸ್ಟೇಜ್ ಮೈಕ್ರೋಮೀಟರಿಗೆ (ಸೂಕ್ಷ್ಮದರ್ಶಕದ ಕೆಳಗಿಡುವ ಸಣ್ಣ ಅಳತೆಪಟ್ಟಿ) ಹೊಂದಿಸಿಕೊಳ್ಳಿ, ಪ್ರತಿ ಜೂಮಿಗೂ ಬೇರೆ ಬೇರೆ. 100 ಗೆರೆಗೆ 1 ಮಿಲಿಮೀಟರ್ ಬಂದರೆ, 47 ಗೆರೆಯ ತಲೆ 0.47 ಮಿಲಿಮೀಟರ್. ಕಿಟಕಿಗೆ ಸಮನಾಗಿ ಮಲಗಿರುವ ಭಾಗ ಮಾತ್ರ ಅಳೆಯಿರಿ. ಓರೆಯಾಗಿರುವ ಕಾಲು ಗಿಡ್ಡ ಕಾಣುತ್ತದೆ. ಆಳ ಅಂತೂ ಅಂಬರಿನಲ್ಲಿ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಬಾವಿಯ ತಳ ಮೇಲೆ ಬಂದ ಹಾಗೆ ಕಾಣುತ್ತದಲ್ಲ, ಹಾಗೇ. ಬಣ್ಣ ನಂಬಬೇಡಿ. ಕೋಟಿ ವರ್ಷದಲ್ಲಿ ಬಹುತೇಕ ಎಲ್ಲವೂ ಕಂದೇ.

ಬರೆಯುವುದು

ಲೇಖನದಲ್ಲಿ ಎರಡು ಬೇರೆ ಭಾಗ ಇರುತ್ತವೆ. ಒಂದು ವಿವರಣೆ: ತಲೆಯಿಂದ ಕೊಂಡಿಯವರೆಗೆ ಕಂಡದ್ದೆಲ್ಲ. ಇನ್ನೊಂದು ಗುರುತು: ಉಳಿದ ಜಾತಿಗಳಿಂದ ಇದನ್ನು ಬೇರೆ ಮಾಡುವ ನಾಲ್ಕಾರು ಲಕ್ಷಣ. ಹೊಸಬರು ಮೊದಲನೆಯದನ್ನು ನಾಲ್ಕು ಪುಟ ಬರೆದು ಎರಡನೆಯದನ್ನು ಮರೆಯುತ್ತಾರೆ. ನನ್ನ ಅಜ್ಜ ಜಾತ್ರೆಯಲ್ಲಿ ಕಳೆದ ಖಿಲಾರಿ ಎತ್ತು ಹುಡುಕಲು ಹೋದಾಗ "ನಾಲ್ಕು ಕಾಲು, ಎರಡು ಕೋಡು, ಬಿಳಿ ಬಣ್ಣ" ಅಂತ ಹೇಳಲಿಲ್ಲ. "ಬಲಗೋಡಿನ ತುದಿ ಮುರಿದೈತಿ, ಹಣಿ ಮ್ಯಾಲ ಜೋಡಿ ಸುಳಿ, ಈಗ ನಾಲ್ಕ ಹಲ್ಲ" ಅಂದರು. ಎತ್ತು ಅದೇ ಸಂಜೆ ಸಿಕ್ಕಿತು. ಗುರುತು ಬರೆಯುವಾಗ ಆ ಎತ್ತು ನೆನಪಿರಲಿ.

ಹೋಲಿಸುವುದಕ್ಕೆ ಹಳೆಯ ಬರಹ ಎಲ್ಲ ಓದಬೇಕು. ಬಾಲ್ಟಿಕ್ ಅಂಬರಿನ ಪರಾವಲಂಬಿ ಕಣಜಗಳ ಬಗ್ಗೆ ಬ್ರೂಸ್ ಎಂಬುವರು 1933ರಲ್ಲೇ ಬರೆದಿದ್ದಾರೆ. ಹೊಸ ಪ್ರಭೇದ ಅಂದುಕೊಂಡದ್ದು ಅಲ್ಲೇ ಸಿಕ್ಕರೆ ಬೇಸರ ಪಡಬೇಡಿ, ಆರು ತಿಂಗಳ ಅವಮಾನ ತಪ್ಪಿತು ಅಂದುಕೊಳ್ಳಿ. ಗಂಡನ್ನೊಂದು, ಹೆಣ್ಣನ್ನೊಂದು ಪ್ರಭೇದ ಮಾಡಿದ ಉದಾಹರಣೆಗಳೂ ಬೇಕಾದಷ್ಟಿವೆ.

ಬಾಲ್ಟಿಕ್ ಅಂಬರಿನಲ್ಲಿ ಹುಳದ ಒಂದು ಪಕ್ಕ ಬಿಳಿ ಮೋಡ ಮುಸುಕಿರುವುದು ಮಾಮೂಲು. ನನ್ನ ಕಣಜದ ಹೊಟ್ಟೆಯ ಕಡೆ ಪೂರ್ತಿ ಹಾಲು ಸುರಿದ ಹಾಗಿದೆ. ಅಲ್ಲಿ ನಾನು ಬರೆದದ್ದು ಮೂರೇ ಪದ: "ಬಾಯಿಯ ಕೆಳಭಾಗ ಕಾಣುವುದಿಲ್ಲ." ಪರಿಚಯದವರೊಬ್ಬರು ಕರಡು ಓದಿ, ಕುಟುಂಬ ಗೊತ್ತಲ್ಲ, ಹೇಗಿರಬೇಕು ಅಂತ ತುಂಬಿಸಿಬಿಡಿ ಅಂದರು. ತುಂಬಿಸಲಿಲ್ಲ. ನಾಳೆ ಯಾರೋ ಬ್ರೆಜಿಲಿನಲ್ಲಿ ಕೂತು ನನ್ನ ಕಲ್ಲು ನೋಡದೆ, ನನ್ನ ಮಾತು ನಂಬಿ ತಮ್ಮ ಕಣಜ ಹೋಲಿಸುತ್ತಾರೆ. ಊಹೆಯನ್ನು ಕಂಡದ್ದು ಅಂತ ಬರೆದರೆ ಅವರ ಲೆಕ್ಕವೂ ತಪ್ಪುತ್ತದೆ. ಅಷ್ಟಕ್ಕೂ ಊಹೆ ಹೇಗೆ ಮಾಡುತ್ತೀರಿ? 2025ರಲ್ಲಿ ಕಚಿನ್ ಅಂಬರಿನಿಂದ ಸೈರೆನೋಬೆಥಿಲಸ್ ಕ್ಯಾರಿಬ್ಡಿಸ್ ಎಂಬ ಕಣಜವನ್ನು ವಿವರಿಸಿದರು. ಅದರ ಹೊಟ್ಟೆಯ ತುದಿಯಲ್ಲಿ ನೊಣ ಹಿಡಿಯುವ ಗಿಡದ ಎಲೆಯಂಥ, ಮುಚ್ಚಿಕೊಳ್ಳುವ ಚಿಮಟ ಇದೆ. ಇಂದಿನ ಯಾವ ಕಣಜದಲ್ಲೂ ಅಂಥದ್ದಿಲ್ಲ. ಅದಕ್ಕೆ ಹೊಸ ಕುಟುಂಬವನ್ನೇ ಮಾಡಬೇಕಾಯಿತು. ಮೋಡದ ಹಿಂದೆ ಏನಿದೆಯೋ ಯಾರಿಗೆ ಗೊತ್ತು. ದುಡ್ಡಿದ್ದರೆ ಮೈಕ್ರೋ ಸಿಟಿ ಸ್ಕ್ಯಾನ್ ಮಾಡಿಸಿ, ಇಲ್ಲದಿದ್ದರೆ ಕಾಣುವುದಿಲ್ಲ ಅಂತ ಬರೆಯಿರಿ.

ಹೆಸರು

ಎಲ್ಲರಿಗೂ ಇದರದ್ದೇ ಆಸೆ, ಆದರೆ ಇದು ಒಂದು ಮಧ್ಯಾಹ್ನದ ಕೆಲಸ. ಎರಡು ಪದ, ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಗಂಡಸಿನ ಹೆಸರಿಗೆ ಕೊನೆಯಲ್ಲಿ "ಇ", ಹೆಂಗಸಿನದಕ್ಕೆ "ಎಇ", ಊರಿಗೆ "ಎನ್ಸಿಸ್". ಕುಲದ ಹೆಸರಿನ ಲಿಂಗಕ್ಕೆ ವಿಶೇಷಣ ಹೊಂದಬೇಕು. ಸ್ವಂತ ಹೆಸರು ಇಟ್ಟುಕೊಳ್ಳುವುದನ್ನು ನಿಯಮ ತಡೆಯುವುದಿಲ್ಲ, ಜನ ನಗುತ್ತಾರೆ ಅಷ್ಟೇ. ಆ ಕುಲದಲ್ಲಿ ಅದೇ ಹೆಸರು ಈಗಾಗಲೇ ಇದೆಯೇ ಹುಡುಕಿ.

ನಿಯಮಗಳು ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಯಲ್ಲಿವೆ. 2000ದಿಂದ ಜಾರಿಯಲ್ಲಿರುವ ನಾಲ್ಕನೆಯ ಆವೃತ್ತಿ ನೋಡಿ. ಹೊಸ ಪ್ರಭೇದ ಅಂತ ಸ್ಪಷ್ಟವಾಗಿ ಬರೆಯಬೇಕು. ಒಂದು ಮಾದರಿಯನ್ನು ಹೋಲೋಟೈಪ್ ಅಂತ ಹೇಳಬೇಕು, ಅದು ಹೆಸರನ್ನು ಕಟ್ಟುವ ಗೂಟ. ಆ ಕಲ್ಲು ಯಾವ ಸಂಗ್ರಹದಲ್ಲಿ ಇರುತ್ತದೆ ಅಂತಲೂ ಬರೆಯಬೇಕು. ನಿಮ್ಮ ಮನೆಯ ತಿಜೋರಿ ಬೇಡ. ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಕೋಲ್ಕತ್ತದ ಪ್ರಾಣಿ ಸರ್ವೇಕ್ಷಣ ಸಂಸ್ಥೆ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಇಂಥ ಕಡೆ ಮೊದಲೇ ಪತ್ರ ಬರೆದು ಕೇಳಿ. ಪತ್ರಿಕೆ ಬರೀ ಆನ್‌ಲೈನ್ ಆಗಿದ್ದರೆ ಝೂಬ್ಯಾಂಕ್ ಎಂಬ ಪ್ರಾಣಿ ಹೆಸರುಗಳ ಜಾಲತಾಣದಲ್ಲಿ ನೋಂದಣಿ ಕಡ್ಡಾಯ. 2012ರಿಂದ ಹೀಗೆ.

ಪ್ರಕಟವಾಗುವವರೆಗೆ ಹೆಸರು ಬಾಯಿ ಬಿಡಬೇಡಿ. ವಿವರಣೆ ಇಲ್ಲದೆ ಎಲ್ಲೋ ಅಚ್ಚಾದ ಹೆಸರು ಬರೀ ಬತ್ತಲೆ ಹೆಸರು, ಅದಕ್ಕೆ ಬೆಲೆ ಇಲ್ಲ. ಗೊಂದಲ ಮಾತ್ರ ಉಳಿಯುತ್ತದೆ. ನಮ್ಮ ಕಾಲೇಜಿನ ಹುಡುಗಿ ಒಬ್ಬಳು ಖುಷಿಗೆ ನನ್ನ ಕಣಜದ ಹೆಸರನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಬಿಟ್ಟಿದ್ದಳು. ಐದು ನಿಮಿಷದಲ್ಲಿ ತೆಗೆಸಿದೆ. ಅವ್ವ ಕೂಡ ಕೇಳಿದ್ದಾಳೆ, ಹೇಳಿಲ್ಲ.

ಕಲ್ಲು ಕಳಿಸುವಾಗ ಹತ್ತಿಯಲ್ಲಿ ನೇರ ಸುತ್ತಬೇಡಿ, ಎಳೆ ಅಂಟಿಕೊಳ್ಳುತ್ತದೆ. ಸಣ್ಣ ಜಿಪ್ ಚೀಲ, ಅದರ ಮೇಲೆ ಸ್ಪಂಜು, ಅದರ ಮೇಲೆ ಗಟ್ಟಿ ಡಬ್ಬಿ. ಬಿಸಿಲಿಗೆ ಬೇಡ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕಳಿಸಲೇಬೇಡಿ, ಲಾರಿಯೊಳಗಿನ ಶೆಕೆಗೆ ಕಲ್ಲು ಬಿರಿದೀತು. ನನ್ನದು ಮೊದಲ ಮಳೆ ಬಿದ್ದು ಧಗೆ ಇಳಿದ ಮೇಲೆ ಹೋಯಿತು, ಚೀಟಿಯ ಮೇಲೆ ನಂಬರ್, ಬಾಲ್ಟಿಕ್ ಅಂಬರ್, ಕೊಂಡ ಊರು, ಕೊಂಡ ದಿನ, ಬಿಲ್ಲಿನ ಪ್ರತಿ. ಡಬ್ಬಿ ಮಾತ್ರ ಕರದಂಟಿನದು, ಮನೆಯಲ್ಲಿ ಬೇರೆ ಇರಲಿಲ್ಲ.